ಕಾಕಾನ ಟ್ಯಾಂಕಿಗೊಬ್ಬ ಸಿಪಾಯಿ

ನಮ್ಮ ಕಾಕಾನ ಟ್ಯಾಂಕಿಗೆ ಈ ಜನ್ಮದಲ್ಲಿ ಸಿಪಾಯಿ ಸಿಗುವುದಿಲ್ಲ ಎಂದು ಮೊಟ್ಟಮೊದಲು ಭವಿಷ್ಯ ನುಡಿದವಳು ಬೇರೆ ಯಾರೂ ಅಲ್ಲ, ಅವನ ಹೆಂಡತಿ, ನಮ್ಮ ಚಿಗವ್ವ. "ಈ ಮನ್ಯಾಗ ಹೆಣ್ಣುಹುಡುಗಿ ಡಿಗ್ರಿ ಮುಗಿಸಿದ್ರೂ ಮುಗಿಸ್ಯಾಳು, ಇವರ ಟ್ಯಾಂಕಿಗೆ ಮಾತ್ರ ಮಂದಿ ಸಿಗಂಗಿಲ್ಲ" ಎಂದಿದ್ದಳು. ಆ ಹೆಣ್ಣುಹುಡುಗಿ ನಾನೇ. ಏಳನೇ ಇಯತ್ತೆ ದಾಟಿದವರೇ ಇಲ್ಲದ ನೇಕಾರರ ಮನೆಯಲ್ಲಿ ಹುಟ್ಟಿ, ಇಳಕಲ್ಲಿನಿಂದ ಬಾಗಲಕೋಟೆಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಓದಿ ಬಿ.ಎಸ್ಸಿ. ಮುಗಿಸಿದವಳು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಆದರೆ ಅಸಾಧ್ಯ ಕೆಲಸಗಳಲ್ಲಿ ನನ್ನ ಡಿಗ್ರಿಗೆ ಎರಡನೇ ನಂಬರು ಸಿಕ್ಕಿತಲ್ಲ, ಆ ಬೇಸರ ಇನ್ನೂ ಇದೆ.

ಟ್ಯಾಂಕು ಬಂದದ್ದು ಸೊಲ್ಲಾಪುರದಿಂದ. ನೂಲು ತರಲು ಹೋದ ಕಾಕಾ ನೂಲಿನ ಜೊತೆ ಒಂದು ರಟ್ಟಿನ ಪೆಟ್ಟಿಗೆ ತಂದ. ಮೇಲೆ ಭರ್ಜರಿ ಚಿತ್ರ: ರಣರಂಗ, ಹೊಗೆ, ಟ್ಯಾಂಕು, ಅದರ ಸುತ್ತ ಐದಾರು ಸಿಪಾಯಿಗಳು. ಒಳಗೆ ನೋಡಿದರೆ ಬರೀ ಪ್ಲಾಸ್ಟಿಕ್ ತುಣುಕು. ಬೇರೆ ಯಾರಾದರೂ ಒಲೆಗೆ ಹಾಕುತ್ತಿದ್ದರು. ನಮ್ಮ ಕಾಕಾ ಕೂದಲೆಳೆಯಂಥ ರೇಷ್ಮೆ ಎಳೆಗಳನ್ನು ಗಂಟು ಹಾಕಿ ಜೀವನ ಕಳೆದವನು. ತುಣುಕಿಗೆ ತುಣುಕು ಅಂಟಿಸಿ ಟ್ಯಾಂಕು ನಿಲ್ಲಿಸಿಯೇ ಬಿಟ್ಟ. ಕೊನೆಗೆ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದ. ಸಿಪಾಯಿಗಳು ಉದುರಲಿಲ್ಲ.

"ಇಲ್ಲೇನ ಬರದಾರ ಓದು" ಎಂದು ಪೆಟ್ಟಿಗೆ ನನ್ನ ಮುಂದಿಟ್ಟ. ಮೂಲೆಯಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರ. ಗೊಂಬೆಗಳು ಇದರಲ್ಲಿ ಸೇರಿಲ್ಲ, ಅಳತೆ ಒಂದು ಬಟಾ ಮೂವತ್ತೈದು, ಅಂದರೆ ನಿಜದ ಮೂವತ್ತೈದನೇ ಒಂದು ಪಾಲು ಎಂದೆ.

"ಮದುವಿ ಕಾರ್ಡಿನ ಮ್ಯಾಲೆ ಊಟದ ಚಿತ್ರ ಹಾಕಿ, ಊಟ ಇಲ್ಲ ಅಂದಂಗಾತು" ಎಂದ ಕಾಕಾ. "ಇರಲಿ. ಆ ಅಳತಿಗೆ ಮನಷ್ಯಾ ಎಷ್ಟಾಕ್ಕಾನು?"

ನಾನು ಲೆಕ್ಕ ಹಾಕಿದೆ. ಐದೂವರೆ ಅಡಿಯ ಆಳು ಎರಡು ಇಂಚಿಗೆ ತುಸು ಕಡಿಮೆ ಆಗುತ್ತಾನೆ. ಕಾಕಾ ಮನೆಯಲ್ಲೆಲ್ಲ ಹುಡುಕಿ ಬೆಂಕಿಪೆಟ್ಟಿಗೆ ತಂದು ನೆಟ್ಟಗೆ ನಿಲ್ಲಿಸಿದ. ಸರಿಯಾಗಿ ಅಷ್ಟೇ! ಅವತ್ತಿನಿಂದ ಬೀಡಿ ಮುಟ್ಟದ ಮನುಷ್ಯನ ಕಿಸೆಯಲ್ಲಿ ಸದಾ ಒಂದು ಖಾಲಿ ಬೆಂಕಿಪೆಟ್ಟಿಗೆ.

ಸಿಪಾಯಿಗಳ ಭರ್ತಿ ಶುರುವಾದದ್ದು ಬಾಗಲಕೋಟೆಯಲ್ಲಿ. ಊರು ಅಣೆಕಟ್ಟಿನ ಹಿನ್ನೀರಿಗೆ ಅಂಜಿ ನವನಗರಕ್ಕೆ ಗಂಟುಮೂಟೆ ಕಟ್ಟುತ್ತಿದ್ದ ಕಾಲ. ಹಳೇ ಊರಿನ ಆಟಿಕೆ ಅಂಗಡಿಯವರು "ಮಾಲು ನವನಗರಕ್ಕ ಹೋಗೇತ್ರಿ" ಎನ್ನುತ್ತಿದ್ದರು, ನವನಗರದವರು "ಇನ್ನೂ ಹಳೇ ಊರಾಗ ಐತ್ರಿ" ಎನ್ನುತ್ತಿದ್ದರು. ಇಡೀ ಸೈನ್ಯವೇ ದಾರಿಯಲ್ಲಿತ್ತು ಅಂತ ಕಾಣುತ್ತದೆ. ಕೊನೆಗೊಂದು ಅಂಗಡಿಯಲ್ಲಿ ಹಸಿರು ಸಿಪಾಯಿಗಳ ಡಬ್ಬಿ ಸಿಕ್ಕಿತು. ಕಾಕಾ ಕಿಸೆಗೆ ಕೈ ಹಾಕಿ ಬೆಂಕಿಪೆಟ್ಟಿಗೆ ತೆಗೆದ.

"ಯಜಮಾನ್ರ, ಅಂಗಡ್ಯಾಗ ಬೀಡಿ ಸೇದಂಗಿಲ್ರಿ" ಎಂದ ಅಂಗಡಿಯವನು.

"ಬೀಡಿಗಲ್ರಿ, ಭರ್ತಿಗೆ" ಎಂದ ಕಾಕಾ.

ಒಬ್ಬೊಬ್ಬ ಸಿಪಾಯಿಯನ್ನೂ ಪೆಟ್ಟಿಗೆಯ ಪಕ್ಕ ನಿಲ್ಲಿಸಿದ. ಎಲ್ಲರೂ ಬೆಂಕಿಪೆಟ್ಟಿಗೆಗಿಂತ ಒಂದು ತಲೆ ಎತ್ತರ. "ಇಂವ ಟ್ಯಾಂಕಿನ ಮುಂದ ನಿಂತ್ರ, ಟ್ಯಾಂಕು ಇವನ ಸೈಕಲ್ ಇದ್ದಂಗ ಕಾಣತೈತಿ" ಎಂದು ಇಡೀ ಪಲ್ಟನ್ನನ್ನು ಮನೆಗೆ ಕಳಿಸಿದ. ಎತ್ತರದವರನ್ನು ತಿರಸ್ಕರಿಸುವಾಗ ಅವನ ಮುಖದಲ್ಲಿ ಒಂದು ವಿಚಿತ್ರ ಖುಷಿ ಇರುತ್ತಿತ್ತು.

ಬಾದಾಮಿಯಲ್ಲಿ, ಗುಹೆಗಳ ಕೆಳಗಿನ ಆಟಿಕೆ ಸಾಲಿನಲ್ಲಿ, ಕಡೆಗೂ ಒಬ್ಬ ಸರಿಯಾದ ಆಳು ಸಿಕ್ಕ. ಅಳತೆಗಿಂತ ಕೂದಲೆಳೆಯಷ್ಟು ಗಿಡ್ಡ. "ಗಿಡ್ಡ ಇದ್ರ ಇರಲಿ, ಪಾಸು" ಎಂದು ಕಾಕಾ ಅವನನ್ನು ಅಂಗೈ ಮೇಲೆ ನಿಲ್ಲಿಸಿ ನನಗೆ ತೋರಿಸುತ್ತಿದ್ದ. ಬಾದಾಮಿಯ ಮಂಗಗಳಿಗೆ ಅಂಗೈ ಮೇಲಿರುವುದೆಲ್ಲ ಶೇಂಗಾ. ಕಣ್ಣು ಮಿಟುಕಿಸುವುದರೊಳಗೆ ಸಿಪಾಯಿ ಬಂಡೆಯ ತುದಿಯಲ್ಲಿದ್ದ. ಮಂಗ ಅವನ ತಲೆ ಕಡಿದು ನೋಡಿತು, ರುಚಿಸಲಿಲ್ಲ, ಕೆಳಗಿನ ಅಗಸ್ತ್ಯ ತೀರ್ಥದ ಕೆರೆಗೆ ಎಸೆಯಿತು. ಬಸ್ಸು ಗುಳೇದಗುಡ್ಡ ದಾಟಿದ ಮೇಲೆ ಕಾಕಾ "ಹೋಗೂದಾದ್ರ ಯುದ್ಧದಾಗ ಹೋಗಬೇಕಿತ್ತು" ಎಂದ.

ಇಷ್ಟೆಲ್ಲ ಯಾಕೆ ಅಂತ ನೀವು ಕೇಳಬಹುದು. ನಾನೂ ಚಿಗವ್ವನನ್ನು ಕೇಳಿದೆ. ಆಕೆ ರೊಟ್ಟಿ ಬಡಿಯುತ್ತ ಹೇಳಿದಳು. ಮದುವೆಯಾದ ಹೊಸದರಲ್ಲಿ ಕಾಕಾ ಮಿಲಿಟರಿ ಭರ್ತಿಗೆ ಹೋಗಿದ್ದನಂತೆ. ಓಟದಲ್ಲಿ ಮುಂದು, ಎದೆ ಅಳತೆಯಲ್ಲೂ ಪಾಸು. ಎತ್ತರ ಮಾತ್ರ ಅರ್ಧ ಇಂಚು ಕಡಿಮೆ. ಆ ಎತ್ತರವನ್ನು ಅವನ ಎದೆಯ ಮೇಲೆ ಶಾಯಿಯಲ್ಲಿ ಬರೆದು ಹೊರಗೆ ಕಳಿಸಿದ್ದರು. "ಬಿಸಿನೀರು ಹಾಕಿ ತಿಕ್ಕೀನಿ. ಭಾಳ ದಿನ ಹೋಗಲಿಲ್ಲ ಅದು. ಅಲ್ಲೀಮಟ ಅಂಗಿ ಕಳೀಲೇ ಇಲ್ಲ ಅವರು" ಎಂದಳು.

ಅದೇ ಹೊತ್ತಿಗೆ ನಮ್ಮ ಕಾಲೇಜಿನಲ್ಲಿ ಹವ್ಯಾಸಗಳ ಪ್ರದರ್ಶನ ನಿಗದಿಯಾಯಿತು. ವಿದ್ಯಾರ್ಥಿಗಳ ಮನೆಯವರೂ ಭಾಗವಹಿಸಬಹುದಿತ್ತು. ನಾನು ಕೇಳದೇ ಕಾಕಾನ ಹೆಸರು ಕೊಟ್ಟು ಬಂದೆ.

"ಡ್ರೈವರ್ ಇಲ್ಲದ ಬಸ್ಸು ಸ್ಟ್ಯಾಂಡಿಗೆ ಒಯ್ತಾರೇನು? ಮಂದಿ ನಗತಾರ" ಎಂದ. ಸಿಪಾಯಿ ಸಿಗದಿದ್ದರೆ ಟ್ಯಾಂಕು ಹೊಸ್ತಿಲು ದಾಟುವುದಿಲ್ಲ ಎಂದು ತೀರ್ಮಾನವಾಯಿತು.

ಆಗ ಗೌರಿ ಹುಣ್ಣಿಮೆ ಬಂತು. ಚಿಗವ್ವನ ತವರು ಹುನಗುಂದ. ಅವರ ಮನೆಯಲ್ಲಿ ಹುಣ್ಣಿಮೆಗೆ ಕಟ್ಟಿಗೆಯ ಅಚ್ಚುಗಳಲ್ಲಿ ಪಾಕ ಹೊಯ್ದು ಸಕ್ಕರೆ ಗೊಂಬೆ ಮಾಡುತ್ತಾರೆ: ಆನೆ, ನವಿಲು, ಕುದುರೆ ಸವಾರ. ಕಾಕಾ ಸವಾರನ ಪಕ್ಕ ಬೆಂಕಿಪೆಟ್ಟಿಗೆ ಹಿಡಿದು ನೋಡಿದ, ಮೈಕಟ್ಟು ಸರಿ ಇತ್ತು. ಒಂದು ಡಜನ್ ಸವಾರರನ್ನು ಬುಟ್ಟಿಯಲ್ಲಿ ಇಳಕಲ್ಲಿಗೆ ತಂದು, ಹಸಿರು ಬಣ್ಣ ಬಳಿದು, ಟ್ಯಾಂಕಿನ ಸುತ್ತ ನಿಲ್ಲಿಸಿದ.

"ಟ್ಯಾಂಕು ಇದ್ದ ಮ್ಯಾಲೆ ಕುದರಿ ಎದಕ್ಕ?" ಎಂದಳು ಚಿಗವ್ವ.

"ಪೆಟ್ರೋಲ್ ಮುಗದ್ರ ಬೇಕಲ್ಲ" ಎಂದ ಕಾಕಾ.

ಬೆಳಗಾಗುವಷ್ಟರಲ್ಲಿ ಇರುವೆಗಳು ದಾಳಿ ಇಟ್ಟಿದ್ದವು. ನಮ್ಮ ಕಡೆ ಪೂರ್ತಿ ಸೋಲು. ಒಂದು ಕುದುರೆಯ ಬಾಲ ಮಾತ್ರ ಉಳಿದಿತ್ತು, ಅದೂ ಗೋಡೆಯ ಕಡೆ ಮೆರವಣಿಗೆ ಹೊರಟಿತ್ತು.

ಕಾಕಾ ಮಗ್ಗಕ್ಕೆ ಇಳಿದ. ನಮ್ಮದು ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸೊಂಟದಿಂದ ಮೇಲಿನ ಮನುಷ್ಯನಷ್ಟೇ ಕಾಣುತ್ತಾನೆ. ಚಹಾ ತಂದ ಚಿಗವ್ವ ಲೋಟ ಹಿಡಿದುಕೊಂಡೇ ಅವನನ್ನು ನೋಡುತ್ತ ನಿಂತಳು.

"ಏನ ನೋಡ್ತಿ?"

"ಆ ಟ್ಯಾಂಕಿನ ಮ್ಯಾಲೆ ಒಂದು ತೂತು ಐತೆಲ್ಲ, ಅದರಾಗ ನಿಂತಾಂವ ಹಿಂಗ ಕಾಣತಾನಲ್ರಿ?"

"ಹೂಂ."

"ಮತ್ತ ಕುದರಿ ಯಾಕ, ಕಾಲು ಯಾಕ? ಅರ್ಧ ಮನಷ್ಯಾ ಸಾಕು. ಒಳಗ ಇಳದಾಂವನ ಎತ್ತರ ಯಾರ ಅಳೀತಾರ?"

ಕಾಕಾನ ಲಾಳಿ ಅಲ್ಲೇ ನಿಂತಿತು.

ದವಾಖಾನೆಯ ಕಂಪೌಂಡರ್ ಮುರಿದ ಕಾಲಿಗೆ ಹಾಕುವ ಪ್ಲಾಸ್ಟರ್ ಪುಡಿ ಒಂದು ಮುಷ್ಟಿ ಕೊಟ್ಟ. ಚಿಗವ್ವ ತವರಿನಿಂದ ಅಚ್ಚು ತರಿಸಿ ತಾನೇ ಹೊಯ್ದಳು. ಇರುವೆಗಳು ಬಂದವು, ಮೂಸಿದವು, ಹೋದವು. ಕಾಕಾ ಸವಾರನನ್ನು ಸೊಂಟಕ್ಕೆ ಗರಗಸದಿಂದ ಕೊಯ್ದು, ಬಣ್ಣ ಹಚ್ಚಿ ಟ್ಯಾಂಕಿನ ತೂತಿನಲ್ಲಿ ಇಳಿಸಿದ. ಅಚ್ಚಿನ ಸವಾರನಿಗೆ ತಲೆಯ ಮೇಲೆ ಪೇಟದಂಥ ರುಮಾಲು, ದೊಡ್ಡ ಮೀಸೆ. ಅದನ್ನೇನೂ ಮಾಡುವಂತಿರಲಿಲ್ಲ.

ಪ್ರದರ್ಶನದ ದಿನ ಚಿಗವ್ವನೂ ನಮ್ಮ ಜೊತೆ ಹೊರಟಳು. ಬಸ್ಸಿನಲ್ಲಿ ಕಾಕಾ ಟ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡು ಬಾಗಲಕೋಟೆಯ ತನಕ ಉಸಿರು ಬಿಗಿಹಿಡಿದು ಕೂತ. ಟೇಬಲ್ಲಿನ ಹತ್ತಿರ ತೀರ್ಪುಗಾರರು ಬಂದರು. ಒಬ್ಬರ ಕೈಯಲ್ಲಿ ಅಡಿಪಟ್ಟಿ. ಅದನ್ನು ನೋಡಿದ ಕಾಕಾ ತಾನೇ ಅಳತೆಗೆ ನಿಂತವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಹಿಮ್ಮಡಿ ಕೂಡಿಸಿದ. ಅವರು ಟ್ಯಾಂಕಿನ ಉದ್ದ ಅಳೆದರು, ಅಗಲ ಅಳೆದರು. ಆಮೇಲೆ ಬಗ್ಗಿ ರುಮಾಲಿನವನನ್ನು ನೋಡಿದರು.

"ಸಿಖ್ ರೆಜಿಮೆಂಟೇನ್ರಿ?"

"ಇಲ್ರಿ, ಹುನಗುಂದದಾಂವ."

ನಕ್ಕು, ಅಡಿಪಟ್ಟಿ ಕಿಸೆಗೆ ಇಟ್ಟುಕೊಂಡು ಮುಂದೆ ಹೋದರು.

ಸಂಜೆ ಪ್ರಿನ್ಸಿಪಾಲರು ಕಾಕಾನ ಹೆಸರು ಕೂಗಿದಾಗ ಅವನಿಗೆ ಕೇಳಿಸಲೇ ಇಲ್ಲ, ನಾನು ತಳ್ಳಿ ಕಳಿಸಬೇಕಾಯಿತು. ಎರಡನೇ ಬಹುಮಾನ. ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು, ಮೆಟ್ಟಿಲಿಳಿದು ಬಂದು, ಅದನ್ನು ಚಿಗವ್ವನ ಕೈಯಲ್ಲಿಟ್ಟ. ಪೂರಾ ಇಂಗ್ಲಿಷಿನಲ್ಲಿತ್ತು. ಆಕೆ ಮೇಲಿಂದ ಕೆಳಗಿನ ತನಕ ಬೆರಳಾಡಿಸಿ, ನನ್ನ ಕಡೆ ವಾಲಿ ಸಣ್ಣ ದನಿಯಲ್ಲಿ ಕೇಳಿದಳು:

"ಇದರಾಗ ಇವರ ಎತ್ತರ ಬರದಾರೇನು?"

"ಇಲ್ಲ ಚಿಗವ್ವ. ಬರೇ ಹೆಸರು ಐತಿ."

"ಹಂಗಾರ ಚೌಕಟ್ಟು ಹಾಕಸೂಣು, ತಗೋ."