ಪ್ರಭಾರ ಗಂಡನ ನೇಮಕಾತಿ

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ನೌಕಾಪಡೆಯ ಸಂಬಳ ಕಚೇರಿಯಿಂದ ನಿವೃತ್ತರಾದ ಹಿರಿಯ ಗುಮಾಸ್ತರು. ದೇವರಿಗೆ ಅಂಜುವ ಮನುಷ್ಯ, ಸುಳ್ಳಾಡುವವರಲ್ಲ.

ವಿವಾಹಿತ ನೌಕಾಧಿಕಾರಿಯ ಕುಟುಂಬ ಭತ್ಯೆಗೆ ಒಂದು ನಿಯಮವಿತ್ತು. ಗಂಡಹೆಂಡತಿ ಇಬ್ಬರೂ ಪ್ರತಿ ತಿಂಗಳ ಒಂದನೇ ತಾರೀಖು ಖುದ್ದಾಗಿ ಹಾಜರಾಗಿ, ದಾಂಪತ್ಯ ಇನ್ನೂ ಚಾಲ್ತಿಯಲ್ಲಿದೆಯೆಂದು ರುಜು ಹಾಕತಕ್ಕದ್ದು. ತಪ್ಪಿದಲ್ಲಿ ಭತ್ಯೆ ನಿಲ್ಲತಕ್ಕದ್ದು, ವಸತಿಗೃಹ ಖಾಲಿಯಾಗತಕ್ಕದ್ದು.

ಒಂದು ಸಲ ಒಬ್ಬ ಲೆಫ್ಟಿನೆಂಟನ ಹೆಂಡತಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದು ಗುಮಾಸ್ತರ ಕಿಟಕಿಯ ಮುಂದೆ ನಿಂತಳು.

"ಗಂಡ ಎಲ್ಲಮ್ಮಾ?"

"ಸಮುದ್ರದಲ್ಲಿ. ನೀವೇ ತಾನೇ ಕಳಿಸಿದ್ದು?"

"ಕಳಿಸಿದ್ದು ಬೇರೆ ವಿಭಾಗ. ನಮಗೆ ಗೊತ್ತಿಲ್ಲ."

"ಅಣ್ಣಾ, ನಾಳೆ ಮನೆ ಖಾಲಿ ಮಾಡಿಸ್ತಾರೆ. ಇವುಗಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ?"

ಗುಮಾಸ್ತರು ಮಕ್ಕಳ ಕಡೆ ನೋಡಿ ಯೋಚಿಸಿದರು. ಹಡಗಿನಲ್ಲಿ ಕ್ಯಾಪ್ಟನ್ ಇಲ್ಲದಾಗ ಅವನ ಕೆಳಗಿನವನು ಪ್ರಭಾರ ವಹಿಸಿಕೊಂಡು ರುಜು ಹಾಕುವುದು ವಾಡಿಕೆ. ಮನೆಯಲ್ಲೂ ಯಾಕಾಗಬಾರದು?

"ಮನೇಲಿ ಗಂಡನ ನಂತರದ ಸ್ಥಾನ ಯಾರದಮ್ಮಾ?"

"ನಂತರ ಏನು, ಮೊದಲಿಂದ್ಲೂ ನಂದೇ."

"ಕಾಗದದಲ್ಲಿ ನಂತರ ಅಂತಿರ್ಲಿ."

ಸಂಜೆಯೊಳಗೆ ಆದೇಶ ಹೊರಟಿತು: "ಸದರಿ ಪತ್ನಿಯು ಸ್ವಂತ ಹುದ್ದೆಯ ಜೊತೆಗೆ ಪತಿಯ ಹುದ್ದೆಯ ಹೆಚ್ಚುವರಿ ಪ್ರಭಾರವನ್ನೂ ಮುಂದಿನ ಆದೇಶದವರೆಗೆ ವಹಿಸತಕ್ಕದ್ದು." ಅವಳು ಎಡಗಡೆ ಹೆಂಡತಿಯಾಗಿ, ಬಲಗಡೆ ಗಂಡನಾಗಿ ರುಜು ಹಾಕಿದಳು. ಎರಡೂ ಒಂದೇ ಥರ ಇವೆಯಲ್ಲ ಎಂದು ಮೇಲಧಿಕಾರಿ ಹುಬ್ಬೇರಿಸಿದರು.

"ಅನ್ಯೋನ್ಯ ದಾಂಪತ್ಯ, ಸಾರ್," ಎಂದರು ಗುಮಾಸ್ತರು.

ಭತ್ಯೆ ಬಂತು. ಮನೆ ಉಳಿಯಿತು.

ಹತ್ತು ತಿಂಗಳ ಮೇಲೆ ಲೆಫ್ಟಿನೆಂಟ್ ರಜೆಗೆ ಬಂದ. ಹಡಗಿಳಿದವನನ್ನು ಹೆಂಡತಿ ನೇರ ಕಚೇರಿಗೇ ಕರೆತಂದಳು. ಹುದ್ದೆ ವಾಪಸು ಕೊಡಬೇಕಲ್ಲ.

"ಆಗಲ್ಲ ಸಾರ್," ಎಂದರು ಗುಮಾಸ್ತರು. "ರಜೆಯಲ್ಲಿರೋರು ಹುದ್ದೆ ವಹಿಸ್ಕೊಳ್ಳೋ ಹಾಗಿಲ್ಲ."

"ರಜೆ ಮುಗಿದ ಮೇಲೆ?"

"ಆಗ ನೀವು ಸಮುದ್ರದಲ್ಲಿರ್ತೀರಿ."

"ಹಾಗಾದ್ರೆ ಈಗ ನಾನು ಇವಳಿಗೆ ಏನಾಗ್ಬೇಕು?"

ಗುಮಾಸ್ತರು ನಿಯಮಾವಳಿ ತಿರುವಿದರು. "ಅತಿಥಿ. ಮೂವತ್ತು ದಿನ. ಪ್ರಭಾರ ಗಂಡನ ಒಪ್ಪಿಗೆ ಬೇಕು. ತಕರಾರು ಎತ್ತಿದ್ರೆ ಗಂಡನ ಹುದ್ದೆ ಖಾಲಿ ಅಂತ ಬರೀಬೇಕಾಗುತ್ತೆ, ಸಾರ್. ಆಮೇಲೆ ಮನೇನೂ ಖಾಲಿ."

ಮಕ್ಕಳ ಮುಖ ನೋಡಿ ಲೆಫ್ಟಿನೆಂಟ್ ಹೆಂಡತಿಗೆ ಸೆಲ್ಯೂಟ್ ಹೊಡೆದ. ಮನೆಯ ಹೊಸ್ತಿಲಾಚೆ ಪೆಟ್ಟಿಗೆ ಹಿಡಿದು ನಿಂತು, ಮದುವೆಯಾದಂದಿನಿಂದ ಅವಳು ತನ್ನನ್ನು ಕರೆಯುತ್ತಿದ್ದ ಹಾಗೆಯೇ ಮೆಲ್ಲಗೆ ಕರೆದ:

"ರೀ... ಒಳಗೆ ಬರ್ಲಾ?"

"ಬೂಟು ಬಿಚ್ಚಿಟ್ಟು ಬಾ," ಎಂದಳು ಪ್ರಭಾರ ಗಂಡ.

ಭಗವಂತನ ದಯೆಯಿಂದ ಸಂಸಾರ ಅಂದಿನಿಂದ ನಿಯಮಾನುಸಾರ ನಡೆದಿದೆ. ಓದಿದವರು ಇದನ್ನು ಕನಿಷ್ಠ ಇಬ್ಬರಿಗೆ ಹೇಳಬೇಕೆಂದು ವಿನಂತಿ. ಒಬ್ಬರೇ ಸಿಕ್ಕರೆ, ಅವರಿಗೇ ಎರಡು ಸಲ ಹೇಳಿದರೂ ಸಿಂಧು.