ಹುಳಪ್ಪನ ಹದಿನಾರು ಗ್ರಾಮ್

ಇಷ್ಟಕ್ಕೆಲ್ಲ ಕಾರಣ ಒಂದು ಪ್ಲಗ್. ಶನಿವಾರ ಸಂಜೆ ಯಾರೋ ಅದನ್ನು ಕಿತ್ತಿದ್ದರು. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಹುಳಪ್ಪ ಅದನ್ನು ನೋಡಿದ. ನೋಡಿದವನು ಅಲ್ಲೇ ನೆಲದ ಮೇಲೆ ಕುಕ್ಕರಿಸಿಬಿಟ್ಟ.

ಹುಳಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಹಳೇ ಕಂಪ್ಯೂಟರು, ಸತ್ತ ಮೊಬೈಲುಗಳಿಂದ ಚಿನ್ನ ತೆಗೆಯುವ ಆ ಪುಟ್ಟ ಘಟಕದಲ್ಲಿ ಬ್ಯಾಕ್ಟೀರಿಯಾ ಸಾಕುವುದು ಅವನ ಕೆಲಸ. ಪುಡಿ ಮಾಡಿದ ಸರ್ಕ್ಯೂಟ್ ಬೋರ್ಡುಗಳನ್ನು ತೊಟ್ಟಿಗೆ ಸುರಿದರೆ ಆ ಬ್ಯಾಕ್ಟೀರಿಯಾಗಳು ಒಂದು ಬಗೆಯ ವಿಷ ಉಗುಳಿ, ಒಳಗಿನ ಚಿನ್ನವನ್ನು ನೀರಿಗೆ ಬಿಡಿಸುತ್ತಿದ್ದವು. ಆ ನೀರಿಗೆ ಸತುವಿನ ಪುಡಿ ಹಾಕಿ ಸೋಸಿ, ಉಳಿದ ಕರಿ ಪುಡಿಯನ್ನು ಕುಲುಮೆಯಲ್ಲಿ ಕರಗಿಸಿದರೆ ಮೂಸೆಯ ತಳದಲ್ಲಿ ಒಂದು ಚಿನ್ನದ ಗುಂಡು. ಬ್ಯಾಕ್ಟೀರಿಯಾ ಎನ್ನಲು ನಾಲಿಗೆ ತಿರುಗದವರೆಲ್ಲ ಅವನ್ನು ಹುಳ ಎಂದರು, ಸಾಕುವವನು ಹುಳಪ್ಪನಾದ. ಒಂಬತ್ತು ವರ್ಷದಿಂದ ಅವಕ್ಕೆ ಹೊತ್ತು ಹೊತ್ತಿಗೆ ಊಟ, ಹದವಾದ ಬಿಸಿ, ಪಂಪಿನಿಂದ ಗಾಳಿ. ತನ್ನ ಸ್ವಂತ ಜ್ವರಕ್ಕೆ ಒಂದು ಮಾತ್ರೆ ನುಂಗದವನು ತೊಟ್ಟಿಯ ಜ್ವರವನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದ.

ಆರೋಗ್ಯವಾಗಿದ್ದಾಗ ಆ ಹುಳಗಳು ನೇರಳೆ ಬಣ್ಣ. ಭಾನುವಾರದ ರಜೆಯಿಡೀ ಪಂಪು, ಹೀಟರು ಎರಡೂ ನಿಂತು, ಈಗ ತೊಟ್ಟಿಯ ನೀರು ಪಾತ್ರೆ ತೊಳೆದ ನೀರಿನ ಹಾಗಿತ್ತು. ಸೋಸಿ ನೋಡಿದ. ಮೂರು ತಿಂಗಳ ದುಡಿಮೆಯ ಜಾಗದಲ್ಲಿ ಒಂದು ಚಿಟಿಕೆ ಕರಿ ಪುಡಿ. ಕರಗಿದ್ದ ಚಿನ್ನವೆಲ್ಲ ಮತ್ತೆ ಕೆಸರು ಸೇರಿತ್ತು.

"ಯಾರ್ರೀ ಪ್ಲಗ್ ಕಿತ್ತದ್ದು?" ಎಂದು ಮ್ಯಾನೇಜರು ಕೂಗಾಡುತ್ತಾ ಬಂದರು. ವೈರನ್ನು ಹಿಡಿದುಕೊಂಡು ಹೋದರೆ ಅದೇ ಸಾಕೆಟ್ಟಿನಿಂದ ಹೊರಟ ಇನ್ನೊಂದು ವೈರು ಮುಂಬಾಗಿಲ ಮೇಲಿನ ಬಣ್ಣದ ದೀಪಗಳಿಗೆ ಹೋಗಿತ್ತು. ಅತಿಥಿಯ ಸ್ವಾಗತಕ್ಕೆಂದು ಶನಿವಾರ ಆ ದೀಪಗಳನ್ನು ಖುದ್ದಾಗಿ ಏಣಿ ಹತ್ತಿ ಕಟ್ಟಿದವರು ಮ್ಯಾನೇಜರೇ.

ಅವರು ಒಂದು ಕ್ಷಣ ದೀಪ ನೋಡಿದರು, ಒಂದು ಕ್ಷಣ ಹುಳಪ್ಪನನ್ನು ನೋಡಿದರು. "ನೀವು ನೋಡ್ಕೋಬೇಕಿತ್ತು," ಎಂದರು.

ಅತಿಥಿ ಎಂದರೆ ಇವರಿಗೆ ಗುಜರಿ ಕಳಿಸುವ ದೊಡ್ಡ ಕಂಪನಿಯ ಅಧಿಕಾರಿ. ಹನ್ನೊಂದು ಗಂಟೆಗೆ ಬರುವವರು. ಅವರ ಎದುರಿಗೇ ಚಿನ್ನ ಕರಗಿಸಬೇಕು, ಮೂರು ಗ್ರಾಮಾದರೂ ಬರಬೇಕು; ಬಾರದಿದ್ದರೆ ಗುಜರಿ ನಿಲ್ಲಿಸುತ್ತೇವೆ, ಘಟಕಕ್ಕೆ ಬೀಗ ಎಂದು ಕಾಗದ ಬಂದಿತ್ತು. ಆ ಚಿಟಿಕೆ ಪುಡಿಯಲ್ಲಿ ಅರ್ಧ ಗ್ರಾಮೂ ಇರಲಿಲ್ಲ.

ಸುದ್ದಿ ಹಬ್ಬಿ ಎಲ್ಲರೂ ತೊಟ್ಟಿಯ ಸುತ್ತ ನೆಂಟರ ಹಾಗೆ ನಿಂತರು.

"ಸ್ವಲ್ಪ ಬಿಸಿನೀರು ಹಾಕಿ ನೋಡು. ಚಳಿಗೆ ಮುದುಡಿಕೊಂಡಿರ್ತವೆ," ಎಂದ ಗೇಟಿನ ಕಾವಲುಗಾರ.

"ಸಕ್ಕರೆ ನೀರು ಹಾಕಿ. ನಮ್ಮತ್ತೆ ತಲೆ ತಿರುಗಿ ಬಿದ್ದಾಗ ಅದನ್ನೇ ಕುಡಿಸಿದ್ದು, ಎದ್ದು ಕೂತು ಬೈಯೋಕೆ ಶುರು ಮಾಡಿದ್ರು," ಎಂದಳು ಮೊಬೈಲು ಬಿಚ್ಚುವ ಕೆಲಸದ ಅಕ್ಕ.

"ಸತ್ತಿವೆ ಅಂದ್ರೆ ಸತ್ತಿವೆ!" ಹುಳಪ್ಪ ಕೂಗಿದ. ಹುಳ ಸತ್ತದ್ದಕ್ಕೆ ಅಳುವವನನ್ನು ಲೋಕ ಏನೆನ್ನುತ್ತದೋ ಎಂದು ಮೂಗು ಒರೆಸುವ ನೆಪದಲ್ಲಿ ಕಣ್ಣನ್ನೂ ಒರೆಸಿಕೊಂಡ.

ಒಬ್ಬನೇ ಆದಾಗ ಅವನ ಕಣ್ಣು ತನ್ನ ಬೆರಳಿನ ಉಂಗುರದ ಮೇಲೆ ಬಿತ್ತು. ಮದುವೆಯಲ್ಲಿ ಮಾವ ಹಾಕಿದ್ದು, ನಾಲ್ಕು ಗ್ರಾಮಿನದು. ಹದಿನೆಂಟು ವರ್ಷದಲ್ಲಿ ಬೆರಳು ದಪ್ಪವಾಗಿ ಉಂಗುರ ಮಾಂಸದೊಳಗೆ ಮನೆ ಮಾಡಿಕೊಂಡಿತ್ತು. ಬಚ್ಚಲಿಗೆ ಹೋಗಿ ಸೋಪು ಹಚ್ಚಿದ, ಬರಲಿಲ್ಲ. ಮೆಷಿನ್ ಎಣ್ಣೆ ಹಚ್ಚಿದ, ಬರಲಿಲ್ಲ. ಕೊನೆಗೆ ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ ಎಳೆದ. ಉಂಗುರದ ಜೊತೆ ಒಂದಿಷ್ಟು ಚರ್ಮವೂ ಬಂತು. ಕುಲುಮೆ ಕೋಣೆಗೆ ಹೋಗಿ, ಮೂಸೆಯ ಕರಿ ಪುಡಿಯ ಮೇಲೆ ಬೇಗ ಕರಗಲೆಂದು ಸುರಿದಿದ್ದ ಬಿಳಿಗಾರದೊಳಗೆ ಅದನ್ನು ಹೂತಿಟ್ಟು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದ.

ಆಮೇಲೆ ಯಾಕೋ ಎಲ್ಲರಿಗೂ ಕುಲುಮೆ ಕೋಣೆಯಲ್ಲಿ ಕೆಲಸ ಬಿತ್ತು. ಅಕ್ಕ ಪೊರಕೆ ಹುಡುಕಲು ಹೋದಳು. ಬರಿಗೈಯಲ್ಲಿ ಬಂದು, ಸೆರಗನ್ನು ಕಿವಿ ಮುಚ್ಚುವ ಹಾಗೆ ಹೊದ್ದುಕೊಂಡಳು. ಕಾವಲುಗಾರ ಇಕ್ಕಳ ಕೇಳಿ ಪಡೆದು ಒಳಗೆ ಹೋದವನು ಬಾಯಿಗೆ ಕರ್ಚೀಫು ಒತ್ತಿಕೊಂಡು ಬಂದ. ಮ್ಯಾನೇಜರು "ಸಿದ್ಧತೆ ನೋಡ್ತೀನಿ," ಎಂದು ಬಾಗಿಲು ಹಾಕಿಕೊಂಡು ಐದು ನಿಮಿಷ ಸಿದ್ಧತೆ ನೋಡಿದರು. ತನ್ನ ಕಳ್ಳಾಟ ಎಲ್ಲಿ ಸಿಕ್ಕಿಬೀಳುತ್ತದೋ ಎಂಬ ಭಯದಲ್ಲಿ ಹುಳಪ್ಪ ಯಾರ ಮುಖವನ್ನೂ ನೋಡಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಅಧಿಕಾರಿ ಬಂದರು. ಬಣ್ಣದ ದೀಪಗಳ ಕಡೆ ತಿರುಗಿಯೂ ನೋಡಲಿಲ್ಲ. ಕುಲುಮೆ ಉರಿಯಿತು. ಹುಳಪ್ಪ ಇಕ್ಕಳದಲ್ಲಿ ಮೂಸೆ ಎತ್ತಿ ಅಚ್ಚಿಗೆ ಬಗ್ಗಿಸಿದ. ಬಟಾಣಿಯಷ್ಟು ಬರಬಹುದೆಂದುಕೊಂಡಿದ್ದ. ಬಿದ್ದದ್ದು ದಪ್ಪನೆಯ ಕಡಲೆಬೀಜದಷ್ಟು.

ತಕ್ಕಡಿ ಹದಿನಾರು ಗ್ರಾಮ್ ತೋರಿಸಿತು.

ಹುಳಪ್ಪ ತಲೆ ಎತ್ತಿ ಸುತ್ತ ನೋಡಿದ. ಸಂತೋಷಕ್ಕೆ ಬಾಯಿಬಿಟ್ಟಿದ್ದ ಕಾವಲುಗಾರನ ಮುಂದಿನ ಚಿನ್ನದ ಹಲ್ಲು ಇದ್ದ ಜಾಗದಲ್ಲಿ ಕಿಟಕಿ ತೆರೆದಿತ್ತು. ಅಕ್ಕನ ಸೆರಗು ಜಾರಿ ಓಲೆಯಿಲ್ಲದ ಬೋಳು ಕಿವಿ ಕಂಡಿತು. ಮ್ಯಾನೇಜರ ತೋರುಬೆರಳಲ್ಲಿ ಉಂಗುರವಿರಲಿಲ್ಲ, ಅದರ ಬಿಳಿ ಗುರುತು ಮಾತ್ರ ಇತ್ತು. ನಾಲ್ವರೂ ಒಬ್ಬರನ್ನೊಬ್ಬರು ನೋಡಿಕೊಂಡು, ನಾಲ್ವರೂ ನೆಲ ನೋಡಿದರು.

"ಹದಿನಾರು!" ಅಧಿಕಾರಿಯ ದನಿ ಏರಿತು. "ನಾವು ಮೂರು ಕೇಳಿದ್ವಿ, ನೀವು ಹದಿನಾರು ಕೊಟ್ರಿ!" ಎಂದವರೇ ಇನ್ನೂ ಬೆಚ್ಚಗಿದ್ದ ಗುಂಡನ್ನು ಕಾಗದದಲ್ಲಿ ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ನಾಲ್ಕು ಜೊತೆ ಕಣ್ಣು ಚೀಲದ ಜಿಪ್ಪಿನ ಜೊತೆಜೊತೆಗೇ ಸರಿದವು.

"ನಮ್ಮ ಗುಜರಿಯಲ್ಲಿ ಇಷ್ಟು ಚಿನ್ನ ಇದೆ ಅಂತ ನಮಗೇ ಗೊತ್ತಿರಲಿಲ್ಲ ನೋಡಿ. ಇನ್ನು ಹೊರಗಿನವರಿಗೆ ಯಾಕೆ ಕೊಡೋಣ? ಮುಂದಿನ ತಿಂಗಳಿಂದ ನಾವೇ ಕರಗಿಸ್ತೀವಿ. ಈ ಘಟಕ ಮುಚ್ಚಿಬಿಡಿ."

ಮ್ಯಾನೇಜರು ಹತ್ತಿರದ ಸ್ಟೂಲು ಹುಡುಕಿಕೊಂಡು ಕೂತರು. ಕಾವಲುಗಾರ ಏನೋ ಹೇಳಹೋದ. ಹಲ್ಲಿಲ್ಲದೆ ಬರೀ ಗಾಳಿ ಬಂತು.

ಹುಳಪ್ಪನಿಗೆ ತಡೆಯಲಾಗಲಿಲ್ಲ. "ಸಾರ್, ನಿಜ ಹೇಳ್ಬೇಕು ಅಂದ್ರೆ ಈ ಚಿನ್ನ ಹುಳದ್ದಲ್ಲ…"

"ಹುಳದ್ದಲ್ಲ, ನಿಮ್ಮದು!" ಅಧಿಕಾರಿ ಅವನ ಬೆನ್ನು ತಟ್ಟಿದರು. "ನಿಮ್ಮ ಶ್ರಮ. ಬೆರಳಿಗೆ ಗಾಯ ಬೇರೆ ಮಾಡ್ಕೊಂಡಿದ್ದೀರಿ. ನೀವೊಬ್ಬರು ನಮ್ಮಲ್ಲಿಗೆ ಬನ್ನಿ. ನಾಳೆಯಿಂದಲೇ ಬನ್ನಿ."

ಸಾಯಂಕಾಲ ಅವನು ತನ್ನ ಊಟದ ಡಬ್ಬಿ ಎತ್ತಿಕೊಂಡು ಹೊರಟ. ಅಕ್ಕ, "ನನ್ನ ಓಲೆ ಮಾರಿ ಕೆಲಸ ಕೊಂಡ್ಕೊಂಡ್ರಿ. ಚೆನ್ನಾಗಿರಿ," ಎಂದಳು. ಒಂಬತ್ತು ವರ್ಷ ದಿನವೂ ಸಲಾಮು ಹೊಡೆದ ಕಾವಲುಗಾರ ಗೇಟನ್ನು ಸಹ ತೆಗೆಯಲಿಲ್ಲ. ಹುಳಪ್ಪ ಪಕ್ಕದ ಸಂದಿಯಲ್ಲಿ ತೂರಿಕೊಂಡು ರಸ್ತೆಗೆ ಬಂದ.

ಮನೆಯಲ್ಲಿ ಹೆಂಡತಿ ಅಂದೇ ಮಧ್ಯಾಹ್ನ ಕಂಪನಿಯಿಂದ ಬಂದಿದ್ದ ನೇಮಕದ ಕಾಗದವನ್ನು ಅವನ ಕೈಯಿಂದ ಕಿತ್ತುಕೊಂಡು ಎರಡು ಸಲ ಓದಿದಳು. ಬಟ್ಟೆ ಸುತ್ತಿದ ಬೆರಳು ಅವಳ ಕಣ್ಣಿಗೆ ಬೀಳಲೇ ಇಲ್ಲ. "ದೊಡ್ಡ ಕಂಪನಿ! ಕೊನೆಗೂ ನಿಮ್ಮನ್ನ ಒಬ್ಬರಾದ್ರೂ ಗುರುತಿಸಿದ್ರಲ್ಲ!" ಎಂದು ಪಕ್ಕದ ಮನೆಯವರಿಗೆ ಕೇಳುವ ಹಾಗೆ ಹೇಳಿದಳು. ಆಮೇಲೆ ಕಾಗದ ತಿರುಗಿಸಿ, "ಇದೇನ್ರೀ, ಕೆಳಗಡೆ ಸಣ್ಣಕ್ಷರದಲ್ಲಿ?" ಎಂದಳು.

"ಓದು."

"'ಪ್ರತಿ ತೊಟ್ಟಿಗೂ ಕನಿಷ್ಠ ಹದಿನಾರು ಗ್ರಾಮ್ ಚಿನ್ನ ಬರತಕ್ಕದ್ದು. ಕಡಿಮೆ ಬಂದಲ್ಲಿ ಕಳವೆಂದು ಪರಿಗಣಿಸಿ ಪೊಲೀಸರಿಗೆ ಒಪ್ಪಿಸಲಾಗುವುದು.' ಅಷ್ಟೇ ತಾನೇ? ನಿಮ್ಮ ಹುಳಗಳಿಗೆ ಅದೇನು ಮಹಾ! ಎಷ್ಟು ತೊಟ್ಟಿ ಇವೆಯಂತೆ?"

"ಆರು," ಎಂದ ಹುಳಪ್ಪ.

ಅವಳು ಇನ್ನೂ ಏನೇನೋ ಹೇಳುತ್ತಿದ್ದಳು. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವನ ಕಣ್ಣು ಅವಳ ಕಿವಿಯಿಂದ ಮೂಗಿಗೆ, ಮೂಗಿನಿಂದ ಕೊರಳಿನ ಸರಕ್ಕೆ ಇಳಿದು, ಅಲ್ಲೇ ನಿಂತಿತು. ಬಾಯಿ ಮೆಲ್ಲಗೆ ಗ್ರಾಮ್ ಎಣಿಸುತ್ತಿತ್ತು.

"ಯಾಕ್ರೀ ಹಾಗೆ ನೋಡ್ತೀರಿ? ಹೊಸದಾಗಿ ಮದುವೆಯಾದವರ ಹಾಗೆ!" ಎಂದು ಅವಳು ನಾಚಿ ನಕ್ಕಳು.