ಬದನೆ ಪಾತಿಯೊಳಗಿನ ಗಂಡು ಶ್ರುತಿ

ಬೇಸಿಗೆ ರಜೆ ಬಂದರೆ ಸಂಗೀತದ ಟೀಚರ್ ಮನೆಯಷ್ಟು ಖಾಲಿ ಮನೆ ಹಲಸೂರಿನಲ್ಲಿ ಇನ್ನೊಂದಿರುವುದಿಲ್ಲ. ಸರಳೆ ವರಸೆ ಹಾಡುವ ಮಕ್ಕಳೆಲ್ಲ ಈಜು ಕಲಿಯಲೋ ಅಜ್ಜಿ ಮನೆಗೋ ಹೋಗಿಬಿಡುತ್ತಾರೆ. ಈ ಸಲ ಸುಮ್ಮನೆ ಕೂರಬಾರದು, ಬ್ರೆಡ್ ಮಾಡುವುದನ್ನು ಕಲಿಯಬೇಕು, ತರಕಾರಿ ಬೆಳೆಯಬೇಕು ಎಂದು ತೀರ್ಮಾನಿಸಿದೆ. ಸಪ್ತಸ್ವರಗಳನ್ನೇ ಪಳಗಿಸಿದವಳಿಗೆ ಮೈದಾಹಿಟ್ಟು, ಬದನೆಗಿಡ ಯಾವ ಲೆಕ್ಕ!

"ನೀನು ಅಂಗಡಿ ಬ್ರೆಡ್ ಟೋಸ್ಟ್ ಮಾಡಿದ್ರೇ ಸುಟ್ಟೋಗುತ್ತೆ" ಎಂದರು ನಮ್ಮವರು, ಪೇಪರ್ ಇಳಿಸದೆ.

"ಅದು ಟೋಸ್ಟರ್ ತಪ್ಪು ರೀ" ಎಂದೆ.

ಎರಡು ವಿದ್ಯೆಗೂ ನನಗೆ ಗುರು ಒಬ್ಬರೇ, ಫಿಲೋಮಿನಾ ಆಂಟಿ. ನಮ್ಮ ಬೀದಿ ಮುಗಿದು ಮರ್ಫಿ ಟೌನ್ ಶುರುವಾಗುವ ಕಡೆ ಅವರ ಹೆಂಚಿನ ಮನೆ. ಅದರ ಹಿಂದೆ ಹಳೇ ಕಲ್ಲುಗೋಡೆಯೊಳಗೆ ಒಂದಿಷ್ಟು ಜಾಗ. ಗಂಡ ಆಂಟನಿ ಅಂಕಲ್ ಇದ್ದಾಗ ಅಲ್ಲಿ ಗುಲಾಬಿ ಬೆಳೆಯುತ್ತಿದ್ದರು. ಅವರು ಹೋದ ಮೇಲೆ ಆಂಟಿ ಆ ಜಾಗವನ್ನು ಪಾತಿಗಳಾಗಿ ಮಾಡಿ, ಗಿಡದ ಆಸೆಯಿರುವ ಅಕ್ಕಪಕ್ಕದವರಿಗೆ ಬಿಟ್ಟುಕೊಟ್ಟಿದ್ದರು. ನನ್ನ ಬದನೆ ಪಾತಿಯ ಒಂದು ಪಕ್ಕ ನಮ್ಮ ಬೀದಿಯ ನಸೀಮಾಳ ಪುದೀನ, ಇನ್ನೊಂದು ಪಕ್ಕ ಆಂಟಿಯ ಟೊಮ್ಯಾಟೊ.

ಸಂಗೀತ ಕೇಳಿದ ಗಿಡ ಚೆನ್ನಾಗಿ ಬೆಳೆಯುತ್ತದೆ ಎಂದು ಎಷ್ಟೋ ಮಕ್ಕಳಿಗೆ ಹೇಳಿದ್ದೆ. ಹೇಳಿದ್ದನ್ನು ಮಾಡಿ ತೋರಿಸಬೇಕಲ್ಲ. ನನ್ನ ಹತ್ತಿರ ಹಳೇ ಎಲೆಕ್ಟ್ರಾನಿಕ್ ತಂಬೂರಿಯೊಂದಿದೆ. ಟಿಫಿನ್ ಡಬ್ಬಿಯಷ್ಟು ಗಾತ್ರ, ಸೆಲ್ ಹಾಕಿದರೆ ಮೀಟುತ್ತಲೇ ಇರುತ್ತದೆ. ಅದನ್ನು ಗಿಡಗಳ ನಡುವೆ ಇಟ್ಟು, ಯಾರ ಕಣ್ಣಿಗೂ ಬೀಳದಿರಲೆಂದು ಕುಂಡ ಕವುಚಿ, ಕುಂಡವೂ ಕಾಣದಷ್ಟು ಮಣ್ಣು ಎಳೆದೆ. ಸೆಲ್ ಇರುವ ತನಕ ಹಾಡಲಿ, ಆಮೇಲೆ ತೆಗೆದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಬ್ರೆಡ್ಡಿನ ಪರ್ವ ಶುರುವಾಯಿತು. ಆಂಟಿ ಯೀಸ್ಟ್ ಕೊಟ್ಟು, "ಬೆಚ್ಚಗಿರೋ ನೀರಲ್ಲಿ ಕಲಸು ಮಾ" ಎಂದಿದ್ದರು. ಇಷ್ಟು ಸೆಕೆಯಲ್ಲಿ ಬೆಚ್ಚಗಿನ ನೀರೇಕೆ ಎಂದು ನಾನು ಫ್ರಿಜ್ಜಿನ ನೀರು ಸುರಿದೆ. ಹಿಟ್ಟು ಮೇಲೇಳಲಿಲ್ಲ. ಬಟ್ಟೆ ಮುಚ್ಚಿಟ್ಟು ಕಾದೆ, ಮಧ್ಯಮಾವತಿ ರಾಗವನ್ನೂ ಹಾಡಿದೆ. ಒರಳುಕಲ್ಲಿನ ಹಾಗೆ ಕೂತೇ ಇತ್ತು.

"ಇದಕ್ಕೊಂದು ಹಾರ ಹಾಕಿಬಿಡು" ಎಂದರು ನಮ್ಮವರು.

ಅಷ್ಟು ದೊಡ್ಡ ಹಿಟ್ಟಿನ ಮುದ್ದೆಯನ್ನು ಕಸಕ್ಕೆ ಹಾಕಿದರೆ ಬೀದಿಯವರೆಲ್ಲ ವಿಚಾರಿಸುತ್ತಾರೆ. ಬೆಳಗ್ಗೆ ಬೇಗ ಹೋಗಿ ನನ್ನ ಪಾತಿಯಲ್ಲೇ, ಆ ಕುಂಡದ ಮೇಲೆಯೇ ಗೊಬ್ಬರವಾಗಲೆಂದು ಹೂತು ಬಂದೆ. ಸತ್ತ ಹಿಟ್ಟಿಗೆ ಗೌರವದ ಸಂಸ್ಕಾರವಾಯಿತು.

ಮಧ್ಯಾಹ್ನ ನಸೀಮಾ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಮಿಸ್, ಬನ್ನಿ. ನಿಮ್ಮ ಪಾತಿ ಉಸಿರಾಡ್ತಾ ಇದೆ."

ಮಟಮಟ ಮಧ್ಯಾಹ್ನ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಗೋಡೆಯ ಮೇಲಿನ ಕಾಗೆ ಬಾಯಿ ತೆರೆದುಕೊಂಡು ಕೂತಿತ್ತು, ಕೂಗುತ್ತಿರಲಿಲ್ಲ. ನನ್ನ ಪಾತಿಯ ಮಣ್ಣು, ಒಳಗೆ ಯಾರೋ ಹೊದ್ದು ಮಲಗಿರುವಂತೆ ಉಬ್ಬಿತ್ತು. ನೋಡುತ್ತಿದ್ದಂತೆ ನೆತ್ತಿಯಲ್ಲಿ ಬಿರುಕು ಬಿಟ್ಟಿತು. ಅಂಚಿನಲ್ಲಿದ್ದ ಬದನೆಗಿಡ ಯಾರೂ ಮುಟ್ಟದೆ ಮೆಲ್ಲಗೆ ಪಕ್ಕಕ್ಕೆ ವಾಲಿತು. ಹುಳಿ ಹೆಂಡದಂಥ ವಾಸನೆ ಬಂತು. ಆ ಬಿರುಕಿನ ಕೆಳಗಿನಿಂದ ಒಂದು ದನಿ ಬರುತ್ತಿತ್ತು.

ಊಂ... ಎಂದು ಎದೆಯಾಳದ ದನಿ. ಸ್ವಲ್ಪ ಹೊತ್ತು ಒಂದೇ ಸಮ ಇರುತ್ತಿತ್ತು, ಆಮೇಲೆ ನರಳುವಂತೆ ಕೆಳಗಿಳಿಯುತ್ತಿತ್ತು.

ನನ್ನ ತಂಬೂರಿಯೇ ಇರಬಹುದೇ ಎಂಬ ಯೋಚನೆ ಬರದೆ ಇರಲಿಲ್ಲ. ಆದರೆ ಅದನ್ನು ಹೆಂಗಸರ ಶ್ರುತಿಗೆ ಕೂಡಿಸಿದವಳು ನಾನೇ. ನಿದ್ದೆಯಲ್ಲಿ ಕೇಳಿದರೂ ಗುರುತು ಹಿಡಿಯುತ್ತೇನೆ. ಇದು ಅದಕ್ಕಿಂತ ಎಷ್ಟೋ ಕೆಳಗಿತ್ತು. ಹಿಟ್ಟಿನ ವಿಷಯವೂ ತಲೆಗೆ ಬಂತು. ನನ್ನ ಅಡುಗೆಮನೆಯಲ್ಲೇ ಏಳದಿದ್ದ ಹಿಟ್ಟು ಮಣ್ಣಿನೊಳಗೆ ಏಳುತ್ತದೆಯೇ? ಅಗೆದು ನೋಡಬಹುದಿತ್ತು. ಅಗೆದರೆ ಆ ಮುದ್ದೆ ಎಲ್ಲರೆದುರು ಈಚೆ ಬರುತ್ತಿತ್ತು. ಅದಕ್ಕಿಂತ ದೆವ್ವವೇ ವಾಸಿ ಅನ್ನಿಸಿತು.

"ಇದು ಗಂಡಸಿನ ಶ್ರುತಿ" ಎಂದು ಘೋಷಿಸಿದೆ. "ನನ್ನ ಕಿವಿ ಸುಳ್ಳು ಹೇಳಲ್ಲ."

ಹಿಂದೆ ದಡಾರೆಂದು ಸದ್ದಾಯಿತು. ಫಿಲೋಮಿನಾ ಆಂಟಿಯ ಕೈಯಿಂದ ನೀರಿನ ಬಕೆಟ್ ಬಿದ್ದಿತ್ತು.

"ಗಂಡಸಾ?" ಎಂದರು. ಹಾಗೇ ಕಲ್ಲಿನ ಮೇಲೆ ಕೂತರು. "ಆಂಟನಿ ಚರ್ಚ್ ಕಾಯರ್‌ನಲ್ಲಿ ಕೆಳಗಿನ ದನೀಲೇ ಹಾಡ್ತಿದ್ರು ಮಾ."

ನಸೀಮಾ ಅಂದಿನಿಂದ ಪುದೀನದ ಕಡೆ ತಲೆ ಹಾಕಲಿಲ್ಲ. ಆಂಟಿ ಮಾತ್ರ ದಿನವೂ ಮಧ್ಯಾಹ್ನ ಸ್ಟೂಲು ಹಾಕಿಕೊಂಡು, ಛತ್ರಿ ಹಿಡಿದು, ನನ್ನ ಬದನೆ ಪಾತಿಯ ಎದುರು ಕೂರತೊಡಗಿದರು. ಅವರ ಮನೆಯ ಓವನ್ ತಣ್ಣಗಾಯಿತು. ನಾನು ಕೊಟ್ಟ ಮೊಸರನ್ನ ಹಾಗೇ ಒಣಗಿತು. ಆ ವಯಸ್ಸಿಗೆ ಆ ಬಿಸಿಲು! ಒಳಗೆ ಬನ್ನಿ ಎಂದರೆ, "ಅವರೊಬ್ಬರೇ ಇರ್ತಾರೆ ಮಾ" ಎನ್ನುತ್ತಿದ್ದರು.

ಒಂದು ದಿನ ಟೊಮ್ಯಾಟೊ ಸಾಲಿನ ಹಿಂದೆ ನಿಂತು ಕೇಳಿಸಿಕೊಂಡೆ. "ನಿಮ್ಮ ರೋಸ್ ಗಿಡ ಒಂದೂ ಉಳಿಸ್ಕೊಳ್ಳಕ್ಕಾಗ್ಲಿಲ್ಲ, ಬೇಜಾರ್ ಮಾಡ್ಕೊಬೇಡಿ" ಎನ್ನುತ್ತಿದ್ದರು. ಅವರು ಮಾತು ನಿಲ್ಲಿಸಿದ ಕೂಡಲೇ ಮಣ್ಣಿನೊಳಗಿನ ದನಿ ಇಳಿದು, ಆಯಿತು ಬಿಡು ಎನ್ನುವಂತೆ ನರಳಿತು. ನಾನು ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ.

ಮರುದಿನ ದನಿ ನಿಂತುಹೋಯಿತು. ಸಂಜೆಯವರೆಗೆ ಕಾದ ಆಂಟಿ, "ಕೋಪ ಬಂತೇನೋ" ಎಂದು ಗೋಡೆ ಹಿಡಿದುಕೊಂಡು ಎದ್ದರು. ಆ ಮುಖ ನೋಡಿ ನನಗೆ ಊಟ ಸೇರಲಿಲ್ಲ.

ಬೆಳಗಾಗುತ್ತಲೇ ಹೋಗಿ ಅಗೆದೆ. ಮೊದಲು ಕೈಗೆ ಸಿಕ್ಕಿದ್ದು ತಣ್ಣಗೆ, ಮೆತ್ತಗೆ, ಬೆರಳಿಗೆ ಅಂಟಿಕೊಂಡು ಬಿಡದ ಏನೋ. ಕೂಗಲು ಬಾಯಿ ತೆರೆದವಳು ವಾಸನೆ ಹಿಡಿದು ಸುಮ್ಮನಾದೆ. ನನ್ನ ಬ್ರೆಡ್! ಬಿಸಿಲಿನ ಕಾವಿಗೆ ಉಬ್ಬಿ, ಮಣ್ಣೊಡೆದು, ಹುಳಿ ಬಂದು ಕುಸಿದಿತ್ತು. ಅದರ ಕೆಳಗಿನ ಕುಂಡದೊಳಗೆ ನನ್ನ ತಂಬೂರಿ ಉಸಿರು ಬಿಟ್ಟಿತ್ತು. ಸೆಲ್ ಸೊರಗಿದ ಹಾಗೆಲ್ಲ ಶ್ರುತಿ ಇಳಿದು, ಹೆಂಗಸು ಹೋಗಿ ಗಂಡಸಾಗಿತ್ತು. ನನ್ನ ಕಿವಿ ಸುಳ್ಳು ಹೇಳಿರಲಿಲ್ಲ. ಆದರೆ ಕಿವಿಯ ಪಕ್ಕದಲ್ಲೇ ತಲೆ ಎಂಬುದೊಂದು ಇದೆಯಲ್ಲ, ಅದನ್ನು ನಾನು ಕೇಳಿರಲಿಲ್ಲ.

ಆಂಟಿಗೆ ಹೇಳಬೇಕಿತ್ತು. ಹೇಳುವ ಧೈರ್ಯ ಬರಲಿಲ್ಲ. ಹೊಸ ಸೆಲ್ ತಂದು ಹಾಕಿ, ಶ್ರುತಿಯನ್ನು ಗಂಡಸರ ಮಟ್ಟಕ್ಕೆ ತಿರುಗಿಸಿ, ಕುಂಡ ಕವುಚಿ ಮಣ್ಣು ಎಳೆದೆ.

ಮಧ್ಯಾಹ್ನ ಆಂಟಿ ಬಂದು ಕೂತರು. ದನಿ ತುಂಬಿಕೊಂಡು ಬಂತು. ಅವರು ತಲೆ ವಾಲಿಸಿ ತುಂಬ ಹೊತ್ತು ಕೇಳಿದರು. ಆಮೇಲೆ, ಎಷ್ಟೋ ದಿನದ ಮೇಲೆ, ನಕ್ಕರು.

"ಟೀಚರ್, ಮಣ್ಣು ತೆಗಿ."

"ಯಾಕಾಂಟಿ?"

"ಆಂಟನಿ ಯಾವತ್ತೂ ಶ್ರುತೀಲಿ ನಿಂತೋರಲ್ಲ ಮಾ. ಶುರು ಚೆನ್ನಾಗೇ ಮಾಡೋರು, ಆಮೇಲೆ ಜಾರ್ತಾ ಜಾರ್ತಾ ಹೋಗೋರು. ಕಾಯರ್ ಮಾಸ್ಟರ್ ತಲೆ ತಲೆ ಚಚ್ಕೊಳ್ತಿದ್ರು. ಅದಕ್ಕೇ ನಾನು ನಂಬಿದ್ದು. ಇವತ್ತು ಕೂದಲಷ್ಟೂ ಅಲುಗ್ತಾ ಇಲ್ಲ. ಇದು ನಿನ್ನ ಕ್ಲಾಸಿನ ಡಬ್ಬಿ."

ಕುಂಡ ಎತ್ತಿದೆ. ಹಿಟ್ಟಿನಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದೆ, ಅಳುವೂ ಬಂತು. ಆಂಟಿ ಡಬ್ಬಿಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸುತ್ತಾ ಕೂತರು. ಇನ್ನು ಈ ಪಾತಿಯೂ ಇಲ್ಲ, ಈ ಸ್ನೇಹವೂ ಇಲ್ಲ ಎಂದುಕೊಂಡೆ.

"ಫ್ರಿಜ್ ನೀರಾ?" ಎಂದರು ಕೊನೆಗೆ. ಅವರಿಗೆ ತಡೆಯಲಾಗದ್ದು ಅದೊಂದೇ.

ಆಮೇಲೆ ಕುಂಡವನ್ನು ತಾವೇ ಮತ್ತೆ ಕವುಚಿದರು. "ಡಬ್ಬಿ ರಜೆ ಮುಗಿಯೋ ತನಕ ಇಲ್ಲೇ ಇರ್ಲಿ. ಅವರಲ್ಲ ಅಂತ ನಂಗೆ ಗೊತ್ತು. ಆದ್ರೂ ಮಾತಾಡಕ್ಕೆ ಒಂದು ದನಿ ಇದ್ರೆ ಚೆನ್ನಾಗಿರುತ್ತೆ. ಈ ಹೊಸ ಸೆಲ್ ಮಾತ್ರ ಬೇಡ ಮಾ. ಹಳೇದು ಹಾಕು. ಊಟ ಏನಾದ್ರೂ ಇದ್ಯಾ?"

ತಂದಿದ್ದ ಮೊಸರನ್ನ ಕೊಟ್ಟು, ಅವರು ತಿನ್ನುವುದನ್ನು ನೋಡಿ, ಮನೆಗೆ ಓಡಿದೆ. ಮೊದಲಿನ ಸೆಲ್ ಪೂರ್ತಿ ಸತ್ತಿತ್ತು, ಹಾಗಾಗಿ ಗಡಿಯಾರ, ಟಾರ್ಚು, ಟಿವಿ ರಿಮೋಟು ಎಲ್ಲವನ್ನೂ ಬಿಚ್ಚಿ ಕೂತೆ. ಶ್ರುತಿ ತಪ್ಪಿದ ಮಕ್ಕಳನ್ನು ಇಷ್ಟು ವರ್ಷ ಗದರಿಸಿದವಳು ಈಗ ಅರ್ಧ ಸತ್ತ ಸೆಲ್ ಹುಡುಕುತ್ತಿದ್ದೆ.

"ಏನೇ ಅದು?" ಎಂದರು ನಮ್ಮವರು.

"ಆಂಟಿಗೆ ಅಪಶ್ರುತಿ ಬೇಕಂತೆ ರೀ. ಅದಕ್ಕೆ ಸರಿಹೋಗೋ ಸೆಲ್ ಹುಡುಕ್ತಾ ಇದೀನಿ."

ಅವರು ಪೇಪರ್ ಮಡಿಸಿ ನನ್ನನ್ನು ನಿಜವಾಗಿಯೂ ಅರ್ಥವಾಗದವರಂತೆ ನೋಡಿದರು.

"ಅದಕ್ಕೆ ಸೆಲ್ ಯಾಕೆ? ನೀನೇ ಹೋಗಿ ಹಾಡಬಹುದಲ್ಲ."